ಬೆಟ್ಟ ಅಂದರೆ ಕಾಡೇ? ಕಾನು, ಹಾಡ್ಯ, ಹಳು, ಅರಣ್ಯ ಎಲ್ಲ ಒಂದೇನಾ?

ಪ್ರಶ್ನೆ: ನಾನು ಚಿತ್ರದುರ್ಗದ ಕಡೆಯವನು. ಹೊಸನಗರ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತೇನೆ. ಕಿರುಪರೀಕ್ಷೆಯಲ್ಲಿ ‘ಕಾಡು’ ಪದಕ್ಕೆ ನಾಲ್ಕು ಸಮಾನಾರ್ಥಕ ಪದ ಬರೆಯಿರಿ ಅಂತ ಕೇಳಿದ್ದೆ. ಒಬ್ಬ ಹುಡುಗಿ ‘ಅರಣ್ಯ, ಕಾನು, ಹಾಡ್ಯ, ಬೆಟ್ಟ’ ಅಂತ ಬರೆದಳು. ಅರಣ್ಯಕ್ಕೆ ಮಾತ್ರ ಅಂಕ ಕೊಟ್ಟೆ. ಅವಳ ಅಜ್ಜ ಶಾಲೆಗೆ ಬಂದು, ‘ಮೇಷ್ಟ್ರೇ, ನಾವು ದಿನಾ ಬೆಟ್ಟಕ್ಕೇ ಹೋಗೋದು, ಅದು ಕಾಡಲ್ದೆ ಇನ್ನೇನು?’ ಅಂದರು. ಇವು ಸಮಾನಾರ್ಥಕವೇ? ದಿನಬಳಕೆಯಲ್ಲಿ ಏನು ವ್ಯತ್ಯಾಸ? ಮಕ್ಕಳು ಪ್ರಬಂಧದಲ್ಲಿ ಈ ಪದ ಬಳಸಬಹುದೇ?

ಉತ್ತರ: ಮೇಷ್ಟ್ರೇ, ಮೊದಲು ಅಂಕದ ವಿಚಾರ ಮುಗಿಸಿಬಿಡೋಣ. ‘ಕಾನು’ಗೆ ಪೂರ್ತಿ ಅಂಕ ಕೊಡಿ. ಅದು ನಿಘಂಟಿನಲ್ಲೂ ಇದೆ, ಜನರ ಬಾಯಲ್ಲೂ ಇದೆ. ‘ಹಾಡ್ಯ’ಕ್ಕೂ ಕೊಡಿ. ‘ಬೆಟ್ಟ’ಕ್ಕೆ ಕೊಡುವುದು ಬಿಡುವುದು ನಿಮ್ಮ ಪ್ರಶ್ನೆಯ ಮೇಲೆ ಹೋಗುತ್ತದೆ. ಪಠ್ಯದ ಕನ್ನಡ ಕೇಳಿದ್ದರೆ ತಪ್ಪು, ಊರಿನ ಕನ್ನಡ ಕೇಳಿದ್ದರೆ ಸರಿ. ಪ್ರಶ್ನೆಯಲ್ಲಿ ಯಾವ ಕನ್ನಡ ಅಂತ ಬರೆದಿರಲಿಲ್ಲ ಅಲ್ವಾ? ಹಾಗಾಗಿ ಅನುಮಾನದ ಲಾಭ ಹುಡುಗಿಗೇ ಹೋಗಬೇಕು.

ಆದರೆ ಅಜ್ಜ ಹೇಳಿದ್ದರಲ್ಲೂ ಒಂದು ಸಣ್ಣ ತಕರಾರಿದೆ. ಅದೇ ಅಜ್ಜನನ್ನು ಇನ್ನೊಂದು ದಿನ ಸುಮ್ನೆ ಕೇಳಿ ನೋಡಿ: ‘ನಿನ್ನೆ ಕಾಡಿಗೆ ಹೋಗಿದ್ರಾ?’ ‘ಇಲ್ಲಪ್ಪ, ಬೆಟ್ಟಕ್ಕೆ ಹೋಗಿದ್ದೆ’ ಅನ್ನುವ ಸಾಧ್ಯತೆಯೇ ಜಾಸ್ತಿ. ಅಂದರೆ ನಿಮ್ಮೆದುರು ವಾದ ಮಾಡುವಾಗ ಎರಡೂ ಒಂದೇ, ಮನೆಯ ಮಾತಿನಲ್ಲಿ ಎರಡೂ ಬೇರೆ. ಇದಕ್ಕೆ ಕಾರಣ ಇಷ್ಟೇ. ಮಲೆನಾಡಿನವರು ಮರ ಇರುವ ಜಾಗಕ್ಕೆ ಹೆಸರಿಡುವಾಗ ಮರ ನೋಡಿ ಇಡುವುದು ಕಡಿಮೆ. ಅಲ್ಲಿಗೆ ಯಾರು ಹೋಗುತ್ತಾರೆ, ಏನು ಕೆಲಸಕ್ಕೆ ಹೋಗುತ್ತಾರೆ, ಏನು ತರುತ್ತಾರೆ ಅನ್ನುವುದರ ಮೇಲೆ ಹೆಸರು ಬರುತ್ತದೆ. ಇದೊಂದು ಹಿಡಿದುಕೊಂಡರೆ ಉಳಿದದ್ದು ಸಲೀಸು.

‘ಬೆಟ್ಟ’ದಿಂದಲೇ ಶುರು ಮಾಡೋಣ, ಬಯಲುಸೀಮೆಯಿಂದ ಬಂದವರು ಎಡವುವುದು ಇಲ್ಲೇ. ನಿಮಗೆ ಬೆಟ್ಟ ಅಂದರೆ ಚಿತ್ರದುರ್ಗದ ಕಲ್ಲುಬೆಟ್ಟ ಕಣ್ಣ ಮುಂದೆ ಬರುತ್ತದೆ. ಎತ್ತರ ಇರಬೇಕು, ಹತ್ತಬೇಕು. ಸಾಗರ, ಹೊಸನಗರ, ಸೊರಬದ ಅಡಿಕೆ ಬೆಳೆಗಾರರಿಗೆ ಬೆಟ್ಟ ಅಂದರೆ ‘ಸೊಪ್ಪಿನಬೆಟ್ಟ’. ಅಡಿಕೆ ತೋಟ ಇರುವುದು ತಗ್ಗಿನಲ್ಲಿ, ನೀರಿನ ಪಸೆ ಇರುವ ಕಣಿವೆಯಲ್ಲಿ. ಅದರ ಸುತ್ತ ಏರಿನಲ್ಲಿ ಮರಗಿಡ. ತೋಟಕ್ಕೆ ಬೇಕಾದ ಸೊಪ್ಪು, ಕಟ್ಟಿಗೆ, ದರಕು ಅನ್ನುವ ಒಣಎಲೆ ಎಲ್ಲ ಬರುವುದು ಆ ಏರಿನಿಂದ. ಹಾಗಾಗಿ ಏರಿನ ಹೆಸರೇ ಸೊಪ್ಪು ಸಿಗುವ ಜಾಗದ ಹೆಸರಾಯಿತು. ಆಮೇಲೆ ಸಮತಟ್ಟು ಜಾಗದಲ್ಲಿ ಸೊಪ್ಪು ಕಡಿದರೂ ಅದು ಬೆಟ್ಟವೇ. ಹೊರಗಿನಿಂದ ಬಂದು ತೋಟ ಕೊಂಡವರು ‘ಬೆಟ್ಟ ಎಲ್ಲಿ?’ ಅಂತ ತಲೆ ಎತ್ತಿ ನೋಡುವುದು, ತೋರಿಸಲು ಬಂದವರು ಕಾಲ ಕೆಳಗಿನ ನೆಲ ತೋರಿಸುವುದು ನಮ್ಮ ಕಡೆ ಹಳೆ ತಮಾಷೆ.

ಈ ಬೆಟ್ಟದ ಜೊತೆ ಬರುವ ಕ್ರಿಯಾಪದಗಳನ್ನು ಗಮನಿಸಿ. ಬೆಟ್ಟ ‘ಹತ್ತುವುದು’ ಇಲ್ಲಿ ಕಡಿಮೆ. ಬೆಟ್ಟ ‘ಗುಡಿಸುತ್ತಾರೆ’. ಬೇಸಿಗೆ ಶುರುವಾಗುವ ಹೊತ್ತಿಗೆ ಮತ್ತಿ, ಹೊನ್ನೆ, ನಂದಿ, ಕವಲು ಎಲ್ಲ ಎಲೆ ಉದುರಿಸುತ್ತವೆ. ನೆಲದ ಮೇಲೆ ಮೊಣಕಾಲು ಮಟ್ಟ ಒಣಗಿದ ಎಲೆ. ಅದನ್ನು ಸಾಗರದ ಕಡೆ ದರಕು ಅನ್ನುತ್ತಾರೆ, ಇನ್ನು ಕೆಲವು ಕಡೆ ದರಲೆ, ತರಗು. ಬೆಳಗಿನ ಇಬ್ಬನಿ ಆರುವ ಮೊದಲೇ ಹೋಗಿ ಗುಡಿಸಿ, ರಾಶಿ ಮಾಡಿ, ದೊಡ್ಡ ಬುಟ್ಟಿಗೆ ಕಾಲಲ್ಲಿ ಒತ್ತಿ ಒತ್ತಿ ತುಂಬುತ್ತಾರೆ. ಬಿಸಿಲೇರಿದರೆ ಎಲೆ ಗರಿಗರಿಯಾಗಿ ಪುಡಿಯಾಗುತ್ತದೆ, ಬುಟ್ಟಿಯಲ್ಲಿ ನಿಲ್ಲುವುದಿಲ್ಲ. ಆ ದರಕು ಕೊಟ್ಟಿಗೆಯಲ್ಲಿ ದನದ ಕಾಲಡಿಗೆ ಹಾಸಿ, ಸಗಣಿ ಗಂಜಲ ಕೂಡಿ, ಗೊಬ್ಬರಗುಂಡಿಗೆ ಹೋಗಿ, ಕೊನೆಗೆ ಅಡಿಕೆ ಮರದ ಬುಡ ಸೇರುತ್ತದೆ. ಮಳೆಗಾಲದಲ್ಲಿ ಒಣಎಲೆ ಇರುವುದಿಲ್ಲ, ಆಗ ಹಸಿಸೊಪ್ಪು. ‘ಬೆಟ್ಟದಲ್ಲಿ ಸೊಪ್ಪಿಲ್ಲ’ ಅಂತ ಯಾರಾದರೂ ಅಂದರೆ ಅದು ಪ್ರಕೃತಿ ವರ್ಣನೆ ಅಂದುಕೊಳ್ಳಬೇಡಿ. ಬರುವ ವರ್ಷ ತೋಟಕ್ಕೆ ಗೊಬ್ಬರ ಸಾಲುವುದಿಲ್ಲ ಅನ್ನುವ ಚಿಂತೆ ಅದು.

ತೀರ್ಥಹಳ್ಳಿ ಕಡೆ ಇದನ್ನೇ ಗುಡ್ಡ, ಗುಡ್ಡೆ ಅನ್ನುವುದು ಕೇಳಿಸುತ್ತದೆ. ತೀರ್ಥಹಳ್ಳಿ ಪೇಟೆಯಲ್ಲೇ ಸೊಪ್ಪುಗುಡ್ಡೆ ಅನ್ನುವ ಬಡಾವಣೆ ಇದೆ. ಈಗ ಅಲ್ಲಿ ಮನೆಗಳ ಸಾಲು. ಸೊಪ್ಪು ಹೋಗಿ ಹೆಸರು ಉಳಿದಿದೆ.

ಬೆಟ್ಟಕ್ಕೆ ಇನ್ನೊಂದು ಮುಖ ಇದೆ, ಕಾಗದದ್ದು. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 79ನೇ ಕಲಮು ತೆಗೆದು ನೋಡಿ. ರೂಢಿಯಿಂದ ಬಂದ ಸವಲತ್ತುಗಳು ಮುಂದುವರಿಯುತ್ತವೆ ಅಂತ ಹೇಳುವಾಗ ಅದು ಸೀಮೆ ಸೀಮೆಯ ಹೆಸರು ಹಿಡಿದು ಕರೆಯುತ್ತದೆ. ದಕ್ಷಿಣ ಕನ್ನಡಕ್ಕೆ ಕುಮ್ಕಿ, ಬಾಣೆ, ಕಾನೆ. ಉತ್ತರ ಕನ್ನಡಕ್ಕೆ ಬೆಟ್ಟ, ಹಾಡಿ. ಹಳೆ ಮೈಸೂರಿಗೆ ಕಾನೆ, ಸೊಪ್ಪಿನಬೆಟ್ಟ. ಕೊಡಗಿಗೆ ಜಮ್ಮ, ಬಾಣೆ. ಕಾನೂನು ಬರೆದವರಿಗೂ ಇದನ್ನೆಲ್ಲ ಒಂದೇ ಪದದಲ್ಲಿ ಮುಗಿಸಲು ಆಗಲಿಲ್ಲ ಅನ್ನುವುದು ನನಗೆ ಭಾರಿ ಇಷ್ಟ. ನಿಮ್ಮ ಹುಡುಗಿ ಬರೆದ ನಾಲ್ಕು ಪದಗಳಲ್ಲಿ ಮೂರು ಆ ಒಂದೇ ಕಲಮಿನಲ್ಲಿ ಸಿಗುತ್ತವೆ, ಒಂಚೂರು ರೂಪ ಬೇರೆ ಅಷ್ಟೇ.

ಇಲ್ಲಿ ‘ಸವಲತ್ತು’ ಅನ್ನುವ ಪದಕ್ಕೆ ತೂಕ ಇದೆ. ಸೊಪ್ಪಿನಬೆಟ್ಟ ತೋಟದವರ ಸ್ವಂತ ಜಮೀನಲ್ಲ. ನೆಲ ಸರ್ಕಾರದ್ದು, ಸೊಪ್ಪು ಸೌದೆ ತರುವ ಅವಕಾಶ ತೋಟಕ್ಕೆ ಸೇರಿದ್ದು. ಆದರೆ ಮಾತಿನಲ್ಲಿ ಎಲ್ಲರೂ ‘ನಮ್ಮ ಬೆಟ್ಟ’ ಅಂತಲೇ ಹೇಳುವುದು. ‘ನಮ್ಮ ಕಾಡು’ ಅಂತ ಯಾರೂ ಹೇಳುವುದು ನಾನು ಕೇಳಿಲ್ಲ, ಸಭೆಯ ಭಾಷಣ ಬಿಟ್ಟು. ಬೆಟ್ಟಕ್ಕೆ ‘ನಮ್ಮ’ ಸೇರುತ್ತದೆ, ಕಾಡಿಗೆ ಸೇರುವುದಿಲ್ಲ. ಎರಡೂ ಸಮಾನಾರ್ಥಕ ಅಲ್ಲ ಅನ್ನಲು ನನಗೆ ಇದಕ್ಕಿಂತ ಒಳ್ಳೆ ಪುರಾವೆ ಬೇಡ.

ಈಗ ‘ಕಾನು’. ಸೊರಬ, ಸಾಗರ, ಸಿದ್ದಾಪುರದ ಸೀಮೆಯಲ್ಲಿ ಇದರ ಅರ್ಥ ತೀರಾ ಖಚಿತ. ಸುತ್ತಲಿನ ಮರಗಳೆಲ್ಲ ಬೇಸಿಗೆಯಲ್ಲಿ ಬೋಳಾದರೂ ಒಂದು ತುಣುಕು ಮಾತ್ರ ಹಸಿರಾಗಿ, ಒಳಗೆ ಕತ್ತಲಾಗಿ, ತಂಪಾಗಿ ಇರುತ್ತದೆ. ಅದು ಕಾನು. ಒಳಗೆ ಧೂಪದ ಮರ, ಹಲಸು, ರಾಮಪತ್ರೆ, ಉಪ್ಪಾಗೆ, ಬಗನಿ ಇರುತ್ತವೆ, ಮರಕ್ಕೆ ಹಬ್ಬಿದ ಕಾಡುಮೆಣಸು ಇರುತ್ತದೆ. ಹಳ್ಳ ಹುಟ್ಟುವುದು ಸಾಮಾನ್ಯವಾಗಿ ಇಂಥ ಕಡೆ. ಒಳಗೊಂದು ಚೌಡಿಯೋ ಭೂತಪ್ಪನೋ ಇದ್ದರೆ ಆಶ್ಚರ್ಯ ಇಲ್ಲ. ಕಾನು ಅಂದಮೇಲೆ ಅದನ್ನು ಕಾಯ್ದುಕೊಂಡು ಬಂದವರು ಇದ್ದರು, ಅದರ ಮೆಣಸು ಕೊಯ್ಯುವ ಹಕ್ಕು ಯಾರದು ಅನ್ನುವ ಲೆಕ್ಕ ಇತ್ತು. ಸೊರಬ ತಾಲ್ಲೂಕಿನ ಕಾನುಗಳ ಬಗ್ಗೆ 1868ರಲ್ಲೇ ಬ್ರಾಂಡಿಸ್ ಮತ್ತು ಗ್ರಾಂಟ್ ಅನ್ನುವ ಇಬ್ಬರು ಅಧಿಕಾರಿಗಳು ವರದಿ ಬರೆದಿದ್ದಾರೆ. ಅವರು ಅದನ್ನು ತಮ್ಮ ಭಾಷೆಗೆ ಅನುವಾದ ಮಾಡಲು ಹೋಗಲಿಲ್ಲ, ‘ಕಾನ್’ ಅಂತಲೇ ಉಳಿಸಿಕೊಂಡರು. ಬುದ್ಧಿವಂತರು.

ಪದದ ಬೇರು ಹಳೆಯದು. ತಮಿಳಿನಲ್ಲೂ ‘ಕಾನ್’, ‘ಕಾನಗಂ’ ಅಂದರೆ ಕಾಡೇ. ಸಂಸ್ಕೃತದ ‘ಕಾನನ’ ನಮ್ಮ ಪದ್ಯಗಳಲ್ಲಿ ಧಾರಾಳವಾಗಿ ಬರುವುದರಿಂದ, ಕಾನು ಅನ್ನುವುದು ಕಾನನದ ಹಳ್ಳಿ ಉಚ್ಚಾರ ಅಂತ ಕೆಲವರು ಮಕ್ಕಳಿಗೆ ಹೇಳಿಕೊಡುತ್ತಾರೆ. ಹಾಗೆ ಹೇಳಿಕೊಡಬೇಡಿ. ತಮಿಳಿನ ನಂಟು ನೋಡಿದರೆ ಇದು ದ್ರಾವಿಡದ ಮನೆಯದೇ ಪದ. ಊರ ಹೆಸರುಗಳಲ್ಲಿ ಹುಡುಕಿ, ಎಷ್ಟೋ ಸಿಗುತ್ತವೆ. ಸಾಗರ ತಾಲ್ಲೂಕಿನಲ್ಲಿ ಕಾನಲೆ ಇದೆ. ಜೋಗದಿಂದ ಹೊನ್ನಾವರದ ಕಡೆ ಘಟ್ಟ ಇಳಿಯುವಾಗ ಕತ್ತಲೆಕಾನು ಸಿಗುತ್ತದೆ, ಸಿಂಗಳೀಕ ಓಡಾಡುವ ಜಾಗ. ಆ ಹೆಸರಿಟ್ಟವರು ಒಂದೇ ಒಂದು ಗುಣವಾಚಕದಲ್ಲಿ ಕೆಲಸ ಮುಗಿಸಿದ್ದಾರೆ.

ಕಾನಿಗೆ ‘ಹೋಗುತ್ತಾರೆ’, ಆದರೆ ಹೆಚ್ಚಾಗಿ ಕಾನು ‘ಹೊಗುತ್ತಾರೆ’, ಅಂದರೆ ಒಳಗೆ ನುಗ್ಗುತ್ತಾರೆ. ಬೆಟ್ಟಕ್ಕೆ ಯಾರೂ ಹೊಗುವುದಿಲ್ಲ, ಅದು ಬಯಲಾಗಿರುತ್ತದೆ. ಒಳಗೆ, ಹೊರಗೆ ಅನ್ನುವ ಗೆರೆ ಇರುವ ಜಾಗಕ್ಕೆ ಮಾತ್ರ ಹೊಗುವುದು. ನಿಮ್ಮ ಮಕ್ಕಳಿಗೆ ಈ ಕ್ರಿಯಾಪದದ ಪಾಠ ಮಾಡಿ, ಸಮಾನಾರ್ಥಕ ಪದದ ಪಟ್ಟಿಗಿಂತ ಲಾಭ ಜಾಸ್ತಿ.

‘ಹಾಡ್ಯ’ ಇದಕ್ಕೆಲ್ಲ ಚಿಕ್ಕಪ್ಪನ ಮಗ ಇದ್ದಂತೆ. ಊರ ಮಗ್ಗುಲಲ್ಲೇ ಇರುತ್ತದೆ. ಮರ ದಟ್ಟ ಇರುವುದಿಲ್ಲ, ಪೊದೆ, ಕುರುಚಲು, ನಡುವೆ ನಾಲ್ಕಾರು ದೊಡ್ಡ ಮರ. ಹೊಸನಗರ, ತೀರ್ಥಹಳ್ಳಿ, ಕೊಪ್ಪದ ಕಡೆ ಹಾಡ್ಯ, ಘಟ್ಟ ಇಳಿದು ಕುಂದಾಪುರಕ್ಕೆ ಹೋದರೆ ಹಾಡಿ. ‘ದನ ಹಾಡ್ಯಕ್ಕೆ ಹೊಡ್ಕಂಡು ಹೋಗು’ ಅನ್ನುವುದು ಬೆಳಗಿನ ಮಾತು. ಮಕ್ಕಳು ನೇರಳೆ, ಕೌಳಿ, ಮುಳ್ಳುಹಣ್ಣು ಹುಡುಕಿಕೊಂಡು ಹೋಗುವುದೂ ಹಾಡ್ಯಕ್ಕೇ. ಮನೆಮನೆಗೆ ಶೌಚಾಲಯ ಬರುವ ಮೊದಲು ‘ಹಾಡ್ಯಕ್ಕೆ ಹೋಗಿಬರ್ತೀನಿ’ ಅಂದರೆ ಮುಂದೆ ಯಾರೂ ವಿವರ ಕೇಳುತ್ತಿರಲಿಲ್ಲ. ಹಾಗಾಗಿ ಪ್ರಬಂಧದಲ್ಲಿ ‘ನಮ್ಮ ಊರಿನ ರಮಣೀಯ ಹಾಡ್ಯ’ ಅಂತ ಯಾರಾದರೂ ಬರೆದರೆ ತರಗತಿಯ ಹಿಂದಿನ ಬೆಂಚಿನಲ್ಲಿ ನಗು ಬರುತ್ತದೆ, ನಿಮಗೆ ಕಾರಣ ಗೊತ್ತಿರಲಿ.

ಒಂದು ಎಚ್ಚರಿಕೆ. ಕೊಡಗು, ಎಚ್.ಡಿ. ಕೋಟೆ ಕಡೆ ‘ಹಾಡಿ’ ಅಂದರೆ ಆದಿವಾಸಿಗಳು ಇರುವ ಊರು, ಗುಡಿಸಲುಗಳ ಗುಂಪು. ‘ಹಾಡಿಗೆ ಕರೆಂಟ್ ಬಂತು’ ಅಂತ ಪತ್ರಿಕೆಯಲ್ಲಿ ಬಂದರೆ ನಮ್ಮ ಕಡೆಯವರಿಗೆ ಗೊಂದಲ. ಪೊದೆಗೆ ಯಾಕೆ ಕರೆಂಟ್ ಅಂತ.

‘ಹಳು’ ಪದ ನಿಮ್ಮ ಹುಡುಗಿ ಬರೆದಿಲ್ಲ, ಆದರೆ ಅವಳಿಗೆ ಗೊತ್ತಿರುತ್ತದೆ. ಹಳಗನ್ನಡದ ‘ಪಳು’, ‘ಪಳುವ’ ಇದರ ಹಿರಿಯ. ಕಾವ್ಯದಲ್ಲಿ ಅದು ದೊಡ್ಡ ಕಾಡು. ಈಗ ಇಳಿದು ಇಳಿದು ನೆಲಮಟ್ಟಕ್ಕೆ ಬಂದಿದೆ. ಹೆಚ್ಚಿನವರ ಬಾಯಲ್ಲಿ ಹಳು ಅಂದರೆ ಬೇಡದ ಪೊದೆ, ಕಳೆ, ಮುಳ್ಳುಕಂಟಿ ಸೇರಿ ಬೆಳೆದದ್ದು. ಮಳೆಗಾಲ ಮುಗಿದ ಮೇಲೆ ತೋಟದಲ್ಲಿ, ರಸ್ತೆ ಬದಿ, ಬೇಲಿ ಸಾಲಿನಲ್ಲಿ ‘ಹಳು ಸವರುವುದು’ ಒಂದು ದೊಡ್ಡ ಕೆಲಸ. ಮೊದಲು ಕತ್ತಿಯಲ್ಲಿ, ಈಗ ಹೆಗಲಿಗೆ ಮಷಿನ್ ಹಾಕಿಕೊಂಡು. ಹಳು ಯಾವತ್ತೂ ‘ಸವರು’ ಅನ್ನುವ ಕ್ರಿಯಾಪದದ ಜೊತೆಗೇ ಬರುತ್ತದೆ. ಕಾಡನ್ನು ‘ಕಡಿಯುತ್ತಾರೆ’, ಹಳು ‘ಸವರುತ್ತಾರೆ’. ಕಾಡು ಕಡಿದರೆ ಕೇಸು, ಹಳು ಸವರಿದರೆ ಸಂಬಳ.

‘ಬನ’ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸಂಸ್ಕೃತದ ವನವೇ ತದ್ಭವವಾಗಿ ಬನ. ಆದರೆ ಮಲೆನಾಡಿನಲ್ಲಿ ಬನ ಅಂದರೆ ದೇವರ ಜಾಗ. ನಾಗರಬನ, ಚೌಡಿಬನ. ನಾಲ್ಕೇ ಮರ ಇದ್ದರೂ ಬನ. ಅಲ್ಲಿಂದ ಸೊಪ್ಪು ಕಡಿಯುವುದಿಲ್ಲ, ಕಡಿದರೆ ಏನಾಗುತ್ತದೆ ಅನ್ನುವ ಕಥೆ ಪ್ರತಿ ಊರಲ್ಲೂ ಒಂದೊಂದು ಇದೆ. ಮೂಲದ ‘ವನ’ ಬಾಯಿಮಾತಿನಲ್ಲಿ ಇಲ್ಲವೇ ಇಲ್ಲ. ಶಾಲೆಯ ವನಮಹೋತ್ಸವ, ಪೇಟೆಯ ಉದ್ಯಾನವನ, ಇಷ್ಟಕ್ಕೆ ಸೀಮಿತ. ವನಮಹೋತ್ಸವವೂ 1950ರಲ್ಲಿ ಕೆ.ಎಂ. ಮುನ್ಷಿ ಕೇಂದ್ರ ಮಂತ್ರಿಯಾಗಿದ್ದಾಗ ಶುರು ಮಾಡಿದ್ದು, ಹಳೆ ಹಬ್ಬ ಅಲ್ಲ. ‘ವಿಪಿನ’, ‘ಗಹನ’ ಇವೆಲ್ಲ ಪರೀಕ್ಷೆಗೆ ಮಾತ್ರ. ವಿಪಿನ ಅಂತ ಕರೆದರೆ ಹುಡುಗನೊಬ್ಬ ಓಗೊಡುತ್ತಾನೆ, ಕಾಡಲ್ಲ.

‘ಅಡವಿ’ ಪದ ನಿಮ್ಮ ಕಡೆಯದು ಅಂತಲೇ ಹೇಳಬೇಕು. ಸಂಸ್ಕೃತದ ಅಟವಿ ಅಡವಿ ಆಗಿದೆ, ತೆಲುಗಿನವರಿಗೂ ಕಾಡಿಗೆ ಅದೇ ದಿನಬಳಕೆಯ ಪದ. ತೆಲುಗಿನಲ್ಲಿ ‘ಕಾಡು’ ಅಂದರೆ ಸುಡುಗಾಡಿನ ಅರ್ಥ ಬರುತ್ತದೆ, ನಮ್ಮ ‘ಸುಡುಗಾಡು’ ಒಳಗೂ ಅದೇ ಕಾಡು ಕೂತಿದೆ ನೋಡಿ. ಬಯಲುಸೀಮೆಯ, ಉತ್ತರ ಕರ್ನಾಟಕದ ಮಾತಿನಲ್ಲಿ ಅಡವಿ ಅಂದರೆ ಊರಾಚೆಯ ಬಯಲು, ಹೊಲಗದ್ದೆಯ ಕಡೆ ಅನ್ನುವ ಅರ್ಥವೂ ಸೇರುತ್ತದೆ. ಮರ ಇರಲೇಬೇಕು ಅಂತ ಇಲ್ಲ. ಶಿಕಾರಿಪುರದ ಮೂಡಣ ಭಾಗದ ಹಳ್ಳಿಗಳಲ್ಲಿ ಈ ಪದ ಕೇಳಿಸುತ್ತದೆ. ಪಶ್ಚಿಮಕ್ಕೆ ಬಂದ ಹಾಗೆ ಕಡಿಮೆಯಾಗಿ, ಹೊಸನಗರ ದಾಟುವ ಹೊತ್ತಿಗೆ ಕಥೆಯಲ್ಲಿ ಮಾತ್ರ ಉಳಿಯುತ್ತದೆ. ‘ಒಂದಾನೊಂದು ಅಡವಿಯಲ್ಲಿ’ ಅಂತ ಅಜ್ಜಿ ಕಥೆ ಶುರು ಮಾಡುತ್ತಾಳೆ, ಆದರೆ ಅಡವಿಗೆ ಸೊಪ್ಪಿಗೆ ಹೋಗುವುದಿಲ್ಲ.

ಇಷ್ಟೆಲ್ಲ ಆದಮೇಲೆ ‘ಕಾಡು’ ಪದಕ್ಕೆ ಏನು ಉಳಿಯಿತು? ಉಳಿದದ್ದು ದೊಡ್ಡದೇ. ಯಾರ ಕೆಲಸಕ್ಕೂ ಸೇರದ, ದೂರದ, ಒಳಗಿನದು ಕಾಡು. ದಾರಿ ತಪ್ಪುವುದು ಕಾಡಿನಲ್ಲಿ, ಬೆಟ್ಟದಲ್ಲಿ ಯಾರೂ ದಾರಿ ತಪ್ಪುವುದಿಲ್ಲ. ಸಾಕಿದ್ದಲ್ಲ, ನೆಟ್ಟಿದ್ದಲ್ಲ ಅಂತ ಹೇಳಲು ಕಾಡು ಮುಂದೆ ಬರುತ್ತದೆ: ಕಾಡುಹಂದಿ, ಕಾಡುಬಾಳೆ, ಕಾಡುಮಾವು. ಹಿಡಿತ ಇಲ್ಲದ್ದಕ್ಕೂ ಅದೇ: ಕಾಡುಹರಟೆ. ಅರಣ್ಯಹಂದಿ, ವನಹರಟೆ ಅಂದು ನೋಡಿ, ಎಷ್ಟು ಸಮಾನಾರ್ಥಕ ಅಂತ ಗೊತ್ತಾಗುತ್ತದೆ. ‘ಊರು ಹೋಗು ಅನ್ನುತ್ತೆ, ಕಾಡು ಬಾ ಅನ್ನುತ್ತೆ’ ಅನ್ನುವ ಗಾದೆಯಲ್ಲಿ ಕಾಡು ತೆಗೆದು ಬೆಟ್ಟ ಹಾಕಿದರೆ ಮುದುಕರೊಬ್ಬರು ದರಕು ತರಲು ಹೊರಟ ಹಾಗೆ ಕೇಳಿಸುತ್ತದೆ. ಕಾಡಿಗೆ ಎದುರು ಪದ ಊರು. ಬೆಟ್ಟಕ್ಕೆ ಎದುರು ಪದ ತೋಟ. ಹಳುವಿಗೆ ಎದುರು ಪದ ಅಂಗಳ ಅನ್ನಬಹುದೇನೋ. ಒಂದು ಪದದ ಅರ್ಥ ತಿಳಿಯಬೇಕಾದರೆ ಅದರ ಜೊತೆಗಾರರಿಗಿಂತ ಎದುರಾಳಿಯನ್ನು ಕೇಳುವುದು ಒಳ್ಳೆಯದು.

ಕೊನೆಗೆ ಬಂತು ‘ಅರಣ್ಯ’, ನೀವು ಅಂಕ ಕೊಟ್ಟ ಒಂದೇ ಪದ. ಮಲೆನಾಡಿನ ಮಾತಿನಲ್ಲಿ ನಿಜವಾಗಿ ಕಾಡಿಗೆ ಅತಿ ದೂರದ ಪದ ಇದೇ ಅಂದರೆ ನಿಮಗೆ ಸಿಟ್ಟು ಬರಬಹುದು. ಅರಣ್ಯ ಅಂದರೆ ಇಲ್ಲಿ ಇಲಾಖೆ. ‘ಅರಣ್ಯದವರು ಬಂದಿದ್ರು’ ಅಂದರೆ ಗಾರ್ಡ್, ಫಾರೆಸ್ಟರ್ ಬಂದಿದ್ದರು ಅಂತ. ‘ಆ ಸರ್ವೆ ನಂಬರ್ ಅರಣ್ಯ ಆಗಿದೆ’ ಅಂದರೆ ಅಲ್ಲಿ ಮರ ಬೆಳೆದಿದೆ ಅಂತಲ್ಲ, ಕಾಗದದಲ್ಲಿ ಬದಲಾಗಿದೆ ಅಂತ. ಮರ ಒಂದೂ ಇಲ್ಲದೆ ಅರಣ್ಯ ಇರಬಹುದು. ದಟ್ಟ ಮರ ಇದ್ದೂ ಅರಣ್ಯ ಅಲ್ಲದೆ ಇರಬಹುದು. ಅದರ ಕ್ರಿಯಾಪದಗಳೂ ಕಚೇರಿಯವೇ: ಅರಣ್ಯ ಘೋಷಣೆಯಾಗುತ್ತದೆ, ಒತ್ತುವರಿಯಾಗುತ್ತದೆ, ತೆರವಾಗುತ್ತದೆ, ಮೀಸಲಾಗುತ್ತದೆ. ಅಕೇಶಿಯಾ ಸಾಲು ಸಾಲಾಗಿ ನೆಟ್ಟದ್ದು ಇಲಾಖೆಗೆ ‘ನೆಡುತೋಪು’, ಊರಿನವರಿಗೆ ‘ಪ್ಲಾಂಟೇಶನ್’. ಅದನ್ನು ಕಾಡು ಅಂತ ಕರೆಯಲು ಊರಿನವರಿಗೆ ಬಾಯಿ ಬರುವುದಿಲ್ಲ. ಅದರ ಒಳಗೆ ಮೇವಿಲ್ಲ, ಹಣ್ಣಿಲ್ಲ.

ಈ ಪದದ ಅರ್ಥ ದೇಶದ ಅತಿ ದೊಡ್ಡ ಕೋರ್ಟಿಗೂ ಹೋಗಿ ಬಂದಿದೆ. ಗೋದಾವರ್ಮನ್ ಪ್ರಕರಣದಲ್ಲಿ 1996ರ ಡಿಸೆಂಬರ್ 12ರಂದು ಸುಪ್ರೀಂ ಕೋರ್ಟ್, ಅರಣ್ಯ ಸಂರಕ್ಷಣಾ ಕಾಯ್ದೆಯಲ್ಲಿ ಬರುವ ಅರಣ್ಯ ಅನ್ನುವ ಪದಕ್ಕೆ ನಿಘಂಟಿನ ಅರ್ಥ ತೆಗೆದುಕೊಳ್ಳಬೇಕು, ನೆಲದ ಒಡೆತನ ಯಾರದ್ದು ಅಂತ ನೋಡಬಾರದು ಅಂತ ಹೇಳಿತು. ಭಾಷೆಯ ಕೆಲಸ ಮಾಡುವವರಿಗೆ ಹೆಮ್ಮೆಯ ದಿನ ಅನ್ನಬೇಕು. ಒಂದು ಪದದ ಅರ್ಥ ನೋಡಿ ಲಕ್ಷಾಂತರ ಎಕರೆಯ ಹಣೆಬರಹ ಬರೆಯುವುದು ಸಣ್ಣ ಮಾತಲ್ಲ. ಕಾಡು ಉಳಿಸುವ ದೃಷ್ಟಿಯಿಂದ ಅದು ದೊಡ್ಡ ತೀರ್ಪು, ಅದರಲ್ಲಿ ನನಗೆ ಅನುಮಾನ ಇಲ್ಲ. ತೊಡಕು ಏನಾಯಿತೆಂದರೆ ನಿಘಂಟಿಗೆ ಬೆಟ್ಟ ಬೇರೆ, ಕಾನು ಬೇರೆ, ಹಾಡ್ಯ ಬೇರೆ ಅನ್ನುವುದು ಗೊತ್ತಿಲ್ಲ. ಆಮೇಲೆ ದಾಖಲೆಯಲ್ಲಿ ಅರಣ್ಯ ಅಂತ ಇಲ್ಲದಿದ್ದರೂ ಅರಣ್ಯ ಅಂತಲೇ ಎಣಿಸಬೇಕಾದ ಜಾಗಗಳನ್ನು ರಾಜ್ಯ ಸರ್ಕಾರ ಪರಿಭಾವಿತ ಅರಣ್ಯ, ಜನರ ಬಾಯಲ್ಲಿ ಡೀಮ್ಡ್ ಫಾರೆಸ್ಟ್, ಅಂತ ಪಟ್ಟಿ ಮಾಡಿದಾಗ ಮೊದಲು ಸುಮಾರು 9.9 ಲಕ್ಷ ಹೆಕ್ಟೇರ್ ಲೆಕ್ಕಕ್ಕೆ ಬಂತು. ಮಲೆನಾಡಿನಲ್ಲಿ ವರ್ಷಗಟ್ಟಲೆ ಗಲಾಟೆ. 2022ರಲ್ಲಿ ಅದು ಸುಮಾರು 3.3 ಲಕ್ಷ ಹೆಕ್ಟೇರಿಗೆ ಇಳಿಯಿತು. ಈ ಇಳಿಕೆ ಸರಿಯೋ ತಪ್ಪೋ ಅನ್ನುವುದು ಬೇರೆ ಜಗಳ. ‘ನಮ್ಮದು ಕಾಡಲ್ಲ ಸ್ವಾಮಿ, ಬೆಟ್ಟ’ ಅಂತ ಗ್ರಾಮಸಭೆಯಲ್ಲಿ ಯಾರಾದರೂ ಎದ್ದು ನಿಂತರೆ ಅವರು ಪದದ ಆಟ ಆಡುತ್ತಿದ್ದಾರೆ ಅಂದುಕೊಳ್ಳಬಾರದು ಅಂತ ಹೇಳಿದೆ ಅಷ್ಟೇ.

ಇದೇ ಗೊಂದಲ ಆರೋಗ್ಯದ ವಿಷಯದಲ್ಲೂ ಇದೆ, ಅಲ್ಲಿ ಅದು ತಮಾಷೆಯಲ್ಲ. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಆಸುಪಾಸಿನಲ್ಲಿ. ಜಗತ್ತಿನ ವೈದ್ಯರಿಗೆ ಅದು ‘ಕ್ಯಾಸನೂರು ಫಾರೆಸ್ಟ್ ಡಿಸೀಸ್’. ಹರಡುವುದು ರಕ್ತ ಹೀರುವ ಉಣ್ಣೆ ಹುಳುವಿನಿಂದ, ನಮ್ಮ ಕಡೆಯ ಮಾತಿನಲ್ಲಿ ಉಣುಗಿನಿಂದ. ಕಾಯಿಲೆ ಜೋರಾಗುವುದು ಡಿಸೆಂಬರಿನಿಂದ ಮೇ ತನಕ, ಅಂದರೆ ಸರಿಯಾಗಿ ದರಕು ಗುಡಿಸುವ ಕಾಲ. ‘ಕಾಡಿಗೆ ಹೋಗಬೇಡಿ, ಹೋಗುವುದಾದರೆ ಮೈಗೆ ಎಣ್ಣೆ ಹಚ್ಚಿಕೊಳ್ಳಿ’ ಅಂತ ಆಟೋದಲ್ಲಿ ಮೈಕ್ ಕಟ್ಟಿ ಸಾರುತ್ತಾರೆ. ಕೇಳಿಸಿಕೊಂಡ ಹೆಂಗಸರು ತಲೆ ಆಡಿಸಿ ಬುಟ್ಟಿ ಹೊತ್ತು ಬೆಟ್ಟಕ್ಕೆ ಹೋಗುತ್ತಾರೆ. ಅವರ ಮಟ್ಟಿಗೆ ಅವರು ಕಾಡಿಗೆ ಹೋಗಿಲ್ಲ! ಉಣುಗು ಇರುವುದು ಆ ಒಣಎಲೆಯಲ್ಲೇ. 2019ರ ಸುಮಾರಿಗೆ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಈ ಕಾಯಿಲೆಯಿಂದ ಸಾವುಗಳಾದವು. ಸಾರುವವರು ‘ಬೆಟ್ಟಕ್ಕೆ, ಹಾಡ್ಯಕ್ಕೆ, ದರಕಿಗೆ ಹೋಗುವ ಮೊದಲು’ ಅಂತ ಹೇಳಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಎರಡು ಪದ ಜಾಸ್ತಿ ಆಗುತ್ತದೆ, ಆಗಲಿ. ನಿಮ್ಮ ಶಾಲೆಯಲ್ಲಿ ಮಕ್ಕಳಿಂದ ಭಿತ್ತಿಪತ್ರ ಬರೆಸುವುದಾದರೆ ಈ ಪದಗಳನ್ನೇ ಹಾಕಿಸಿ.

ಪ್ರಬಂಧದಲ್ಲಿ ಬಳಸಬಹುದೇ ಅಂತ ಕೇಳಿದ್ದೀರಿ. ಧಾರಾಳವಾಗಿ. ಒಂದೇ ಷರತ್ತು, ಪದ ತನ್ನ ಕೆಲಸದ ಜೊತೆ ಬರಬೇಕು. ‘ನಮ್ಮ ಊರಿನ ಸುತ್ತ ಹಾಡ್ಯ, ಕಾನು, ಬೆಟ್ಟಗಳಿವೆ’ ಅಂತ ಸಾಲಾಗಿ ಜೋಡಿಸಿದರೆ ಅದು ಮತ್ತೆ ಪಟ್ಟಿಯೇ. ‘ಅಮ್ಮ ಬೆಟ್ಟದಿಂದ ದರಕು ತಂದಳು, ದನ ಇನ್ನೂ ಹಾಡ್ಯದಲ್ಲೇ ಇತ್ತು’ ಅಂತ ಬರೆದರೆ ಓದುವವರು ಬೀದರಿನವರಾದರೂ ಅರ್ಥ ಊಹಿಸಿಕೊಳ್ಳುತ್ತಾರೆ. ಪಬ್ಲಿಕ್ ಪರೀಕ್ಷೆಯಲ್ಲಿ ಸಮಾನಾರ್ಥಕ ಪದ ಅಂತ ಬಂದರೆ ಮಾತ್ರ ಅರಣ್ಯ, ಅಡವಿ, ವನ, ಕಾನನ ಅಂತ ಬರೆದು ಅಂಕ ತೆಗೆದುಕೊಳ್ಳಲಿ. ಮೌಲ್ಯಮಾಪನ ಮಾಡುವವರು ಯಾವ ಸೀಮೆಯವರೋ ಗೊತ್ತಿರುವುದಿಲ್ಲ.

ವಿಭಕ್ತಿ ಹಚ್ಚುವಾಗ ಮಕ್ಕಳು ತಡಕಾಡುತ್ತಾರೆ. ಕಾಡು, ಕಾಡಿಗೆ, ಕಾಡಿನಲ್ಲಿ ಇದ್ದ ಹಾಗೆ ಕಾನು, ಕಾನಿಗೆ, ಕಾನಿನಲ್ಲಿ. ‘ಕಾನುವಿನಲ್ಲಿ’ ಅಂತ ಪತ್ರಿಕೆಗಳಲ್ಲಿ ನೋಡಿದ್ದೇನೆ, ಅದು ಕೇಳಲು ಚೆನ್ನಾಗಿಲ್ಲ, ಊರಿನಲ್ಲಿ ಯಾರೂ ಹಾಗೆ ಹೇಳುವುದಿಲ್ಲ. ಹಾಡ್ಯ, ಹಾಡ್ಯಕ್ಕೆ, ಹಾಡ್ಯದಲ್ಲಿ. ಹಳು ಮಾತ್ರ ‘ಹಳುವಿಗೆ, ಹಳುವಿನಲ್ಲಿ’ ಅಂತ ವಕಾರ ಉಳಿಸಿಕೊಂಡಿದೆ, ಹಿಂದಿನ ಪಳುವದ ನೆನಪು ಇರಬಹುದು. ಸೊಪ್ಪಿನಬೆಟ್ಟ ಒಂದೇ ಪದವಾಗಿ ಸೇರಿಸಿ ಬರೆಯಿಸಿ, ಬಿಡಿಸಿ ಬರೆದರೆ ಸೊಪ್ಪು ಬೆಳೆದ ಯಾವುದೋ ಗುಡ್ಡ ಅಂತ ಓದಿಕೊಳ್ಳುತ್ತಾರೆ.

ಇನ್ನು ಆ ಅಜ್ಜ ಮತ್ತೆ ಸಿಕ್ಕರೆ ‘ಬ್ಯಾಣ’ಕ್ಕೂ ‘ಹಕ್ಕಲಿ’ಗೂ ಏನು ವ್ಯತ್ಯಾಸ ಅಂತ ಕೇಳಿ. ಹುಲ್ಲು ಬೆಳೆಸಲು ಬಿಟ್ಟ ಜಾಗ ಬ್ಯಾಣ, ಸಾಗುವಳಿ ಮಾಡದೆ ಬಿಟ್ಟ ಒಣಜಾಗ ಹಕ್ಕಲು ಅಂತ ನಾನು ಸಾಗರದ ಕಡೆಯ ಬಳಕೆ ಹೇಳಬಲ್ಲೆ. ನಿಮ್ಮ ಊರಲ್ಲಿ ಬೇರೆ ಇದ್ದರೆ ಅವರ ಮಾತೇ ನಡೆಯಲಿ, ನನ್ನದಲ್ಲ.